ಪಂಚಾಂಗದ ಕೆಳಗಿದ್ದ ದಾನಪತ್ರ

ಗುಬ್ಬಿಯ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು, ರಸ್ತೆಯ ಈಚೆ ಬದಿಯ ಜಗುಲಿಯಲ್ಲಿ ಡೆಸ್ಕು ಇಟ್ಟುಕೊಂಡು ನಾನು ಇಪ್ಪತ್ತೊಂಬತ್ತು ವರ್ಷ ಪತ್ರ ಬರೆದೆ. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ದಾನಪತ್ರ, ಉಯಿಲು. ಜನ ಜಮೀನಿನ ವಿಷಯದಲ್ಲಿ ಏನೇನು ಮಾಡಬಹುದೋ ಅದಕ್ಕೆಲ್ಲ ಒಂದೊಂದು ಒಕ್ಕಣೆ ನನ್ನ ಬೆರಳ ತುದಿಯಲ್ಲಿತ್ತು. ಪ್ರತಿ ಪತ್ರದ ಕೊನೆಗೆ ‘ಬಿಕ್ಕಲಂ ಯೋಗನರಸಿಂಹ’ ಎಂದು ರುಜು ಹಾಕುತ್ತಿದ್ದೆ. ಇದನ್ನು ಬರೆದ ಕೈ ಯಾವುದು ಎಂಬುದಕ್ಕೆ ಅದು ಗುರುತು.

ಆ ಕೈಗೆ ಕೈಗುಣವಿದೆ ಎಂದು ತಾಲ್ಲೂಕಿನಲ್ಲೆಲ್ಲ ಹೆಸರಾಗಿತ್ತು. ಯೋಗನರಸಿಂಹ ಬರೆದ ಪತ್ರ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ, ಕೊಂಡವನಿಗೂ ಏಳಿಗೆ, ಕೊಟ್ಟವನಿಗೂ ನೆಮ್ಮದಿ ಎಂದು ಜನ ನಂಬಿದ್ದರು. ಚೇಳೂರಿನಿಂದ, ನಿಟ್ಟೂರಿನಿಂದ, ಕಡಬದಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಪಕ್ಕದ ಜಗುಲಿಯ ಹೊನ್ನಯ್ಯ ನನಗಿಂತ ಚುರುಕಾಗಿ ಬರೆಯುತ್ತಿದ್ದ, ಅವನ ಅಕ್ಷರವೂ ನನ್ನದಕ್ಕಿಂತ ದುಂಡಾಗಿತ್ತು. ಆದರೂ ಅವನ ಮುಂದೆ ಇಬ್ಬರು ಕೂತಿದ್ದರೆ ನನ್ನ ಮುಂದೆ ಆರು ಜನ ಕಾಯುತ್ತಿದ್ದರು. ಅದಕ್ಕೆ ಕಾರಣ ನನ್ನ ಡೆಸ್ಕಿನ ಮೇಲೆ ಮಸಿಕುಡಿಕೆಯ ಪಕ್ಕದಲ್ಲಿರುತ್ತಿದ್ದ ಪಂಚಾಂಗ.

ಬರೆಯುವುದು ಬಸಿರು, ರಿಜಿಸ್ಟ್ರಿ ಹೆರಿಗೆ ಎಂದು ನಾನು ಹೇಳುತ್ತಿದ್ದೆ. ಬಸಿರು ಯಾವಾಗ ಬೇಕಾದರೂ ಆಗಲಿ, ಜಾತಕ ಬರೆಯುವುದು ಹೆರಿಗೆಯ ಗಳಿಗೆ ನೋಡಿಕೊಂಡು ತಾನೇ? ಹಾಗಾಗಿ ಎಂಥ ಆತುರಗಾರನೇ ಬರಲಿ, ರಾಹುಕಾಲದಲ್ಲಿ ನಾನು ಪತ್ರವನ್ನು ಸಬ್ ರಿಜಿಸ್ಟ್ರಾರ್ ಸಾಹೇಬರ ಮೇಜಿಗೆ ಕೊಂಡೊಯ್ಯುತ್ತಿರಲಿಲ್ಲ. ಅಮಾವಾಸ್ಯೆಯ ದಿನ ಜಗುಲಿಯಲ್ಲಿ ಬಂದು ಕೂರುತ್ತಿದ್ದೆ, ಡೆಸ್ಕಿನ ಮುಚ್ಚಳ ಮಾತ್ರ ಎತ್ತುತ್ತಿರಲಿಲ್ಲ.

“ಯೋಗಣ್ಣ, ಸರ್ಕಾರದ ಮೊಹರಿಗೆ ಯಾವ ರಾಹು, ಯಾವ ಕೇತು?” ಎಂದು ಹೊನ್ನಯ್ಯ ಛೇಡಿಸುತ್ತಿದ್ದ. ನಾನು ಉತ್ತರ ಕೊಡುತ್ತಿರಲಿಲ್ಲ. ಮುಂದೆ ಆರು ಜನ ಕಾಯುತ್ತಿರುವವನಿಗೆ ಉತ್ತರ ಕೊಡುವ ದರ್ದೇನು? ನನಗೆ ಜಂಭವಿತ್ತು. ಈಗ ಅದನ್ನು ಒಪ್ಪಿಕೊಳ್ಳುವುದಕ್ಕೆ ನಾಚಿಕೆಯೇನೂ ಇಲ್ಲ, ನಾಚಿಕೆಪಡಬೇಕಾದ್ದು ಬೇರೆ ಬೇಕಾದಷ್ಟಿದೆ.

ಸಾವಿರದ ಒಂಬೈನೂರ ಐವತ್ತೊಂಬತ್ತು, ಫೆಬ್ರವರಿ ತಿಂಗಳ ಮೊದಲ ಶುಕ್ರವಾರ. ಹತ್ತು ಗಂಟೆಯ ಸುಮಾರಿಗೆ ಕಡಬದ ಗಾಡಿಯೊಂದು ಜಗುಲಿಯ ಮುಂದೆ ನಿಂತಿತು. ಕಂಬಳಿ ಹೊದ್ದ ಮುದುಕರೊಬ್ಬರನ್ನು ಒಬ್ಬ ಹೆಂಗಸು ತೋಳು ಹಿಡಿದು ಇಳಿಸಿದಳು. ಅವರು ವೆಂಕಟರಂಗಯ್ಯ ಗೌಡರು, ಆಕೆ ಅವರ ಮಗಳು ಗಂಗಲಕ್ಷ್ಮಮ್ಮ. ಗೌಡರಿಗೆ ಎರಡು ಮೆಟ್ಟಿಲು ಹತ್ತುವಷ್ಟರಲ್ಲೇ ಉಬ್ಬಸ ಬಂದು, ಸ್ವಲ್ಪ ಹೊತ್ತು ಕಂಬಕ್ಕೆ ಒರಗಿಕೊಂಡರು.

“ಐನೋರೆ, ಕೆರೆ ಪಕ್ಕದ ತೆಂಗಿನ ತೋಟನ ಇವ್ಳ ಹೆಸರಿಗೆ ಬರ್ದು ಇವತ್ತೇ ರಿಜಿಸ್ಟ್ರಿ ಮಾಡ್ಸಿಕೊಟ್ಬುಡಿ. ನಂದು ಯಾವಾಗ ಏನೋ ಗೊತ್ತಿಲ್ಲ” ಎಂದರು.

“ಗಂಡುಮಕ್ಕಳು?” ಎಂದೆ. ಅದನ್ನು ಕೇಳುವುದು ನನ್ನ ಕಸುಬು.

“ಒಬ್ನೇ ಮಗ, ರಾಮಾಂಜಿನಯ್ಯ. ಹೆಂಡ್ತಿ ಊರು ಕುಣಿಗಲ್ ಕಡೆ. ಅಲ್ಲೇ ಮಾರ್ಕೋನಹಳ್ಳಿ ನಾಲೆ ಬಯಲಲ್ಲಿ ಗದ್ದೆ ಮಾಡ್ಕೊಂಡು ಚೆನ್ನಾಗವ್ನೆ. ಊರಲ್ಲಿರೋ ಹೊಲ, ಮನೆ ಎಲ್ಲಾ ಅವ್ನಿಗೇ. ತೋಟ ಮಾತ್ರ ನನ್ನ ಸ್ವಂತ ಸಂಪಾದ್ನೆ. ಅದ್ರಲ್ಲೂ ನಂದು ಬರೀ ಹೆಸರು. ನೀರು ಹೊತ್ತೋಳು ಇವ್ಳು.”

ಹತ್ತೊಂಬತ್ತನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮಗಳನ್ನು ಏನು ಮಾಡುವುದೆಂದು ತೋಚದೆ, ಗೌಡರು ಆ ವರ್ಷವೇ ಕೆರೆಯ ಪಕ್ಕದ ಬೀಳು ಕೊಂಡು ಎಪ್ಪತ್ತೆರಡು ತೆಂಗಿನ ಸಸಿ ನೆಟ್ಟಿದ್ದರು. ಬಾವಿ ಇರಲಿಲ್ಲ. ಆಕೆ ನಾಲ್ಕು ಬೇಸಗೆ ಕೆರೆಯಿಂದ ಬಿಂದಿಗೆಯಲ್ಲಿ ನೀರು ತಂದು ಹುಯ್ದಿದ್ದಳು. ಎಪ್ಪತ್ತೆರಡರಲ್ಲಿ ಒಂದೂ ಒಣಗಲಿಲ್ಲ ಎಂದು ಹೇಳುವಾಗ ಗೌಡರ ಉಬ್ಬಸ ತುಸು ಕಡಿಮೆಯಾದಂತೆ ಕಂಡಿತು. ಆಕೆ ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತಿದ್ದಳು.

“ಮಗನಿಗೆ ವಿಷಯ ಗೊತ್ತಾ ಗೌಡ್ರೆ?”

“ರಿಜಿಸ್ಟ್ರಿ ಆಗೋಗ್ಲಿ, ನಾನೇ ಕುಣಿಗಲ್‌ಗೆ ಹೋಗಿ ಹೇಳ್ತೀನಿ. ಅವ್ನು ಒಳ್ಳೇನೇ. ಮೊದ್ಲೇ ಹೇಳುದ್ರೆ ಬೀಗ್ರು ಕಡೆಯೋರು ತಲೆಗೊಂದು ಮಾತಾಡಿ ಅವ್ನ ಮನಸ್ಸು ಕೆಡಿಸ್ತಾರೆ.”

ಛಾಪಾ ಕಾಗದ ತರಿಸಿ ಬರೆಯಲು ಕೂತೆ. ಚಕ್ಕುಬಂದಿ ಬರೆಯುವಾಗ, ಅಂದರೆ ಜಮೀನಿನ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಗುರುತು ಹಾಕುವಾಗ, ಗೌಡರು ಮಗಳ ಮುಖ ನೋಡಿದರು. ಆಕೆ ಮೊದಲ ಸಲ ಬಾಯಿ ಬಿಟ್ಟಳು. ಪೂರ್ವಕ್ಕೆ ಕೆರೆ ಏರಿ, ಪಶ್ಚಿಮಕ್ಕೆ ಗುರುಸಿದ್ದಯ್ಯನ ಹೊಲ, ಉತ್ತರಕ್ಕೆ ಗಾಡಿ ಜಾಡು, ದಕ್ಷಿಣಕ್ಕೆ ಹೊಂಗೆಮರದ ಹಳ್ಳ. ಕಣ್ಣು ಮುಚ್ಚಿ ತೋಟದ ಸುತ್ತ ಒಂದು ಸುತ್ತು ನಡೆದುಬಂದಂತೆ ಹೇಳಿದಳು. ಬರೆದು, ಓದಿ ಹೇಳಿ, ಗೌಡರ ರುಜು ಹಾಕಿಸಿದೆ. ಅವರ ಕೈ ನಡುಗುತ್ತಿತ್ತು, ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಂಡವು. ಸಾಕ್ಷಿಗೆ ಹೊನ್ನಯ್ಯನೂ ಎದುರಿನ ಎಲೆ ಅಂಗಡಿಯವನೂ ರುಜು ಹಾಕಿದರು. ಆಗ ಹನ್ನೊಂದೂಕಾಲು.

ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. “ಹನ್ನೆರಡು ಹೊಡೀಲಿ ಗೌಡ್ರೆ, ಹೊಡೆದ ತಕ್ಷಣ ಒಳಗೆ ಹೋಗೋಣ” ಎಂದೆ. ಅವರು ತಲೆಯಾಡಿಸಿದರು. ನನ್ನ ಬಳಿಗೆ ಬಂದಿದ್ದೇ ಅದಕ್ಕಲ್ಲವೇ?

ಹನ್ನೆರಡಕ್ಕೆ ಕಾಲುಗಂಟೆ ಇರುವಾಗ ಕಚೇರಿಯ ಮುಂದೆ ಬಾಡಿಗೆ ಕಾರೊಂದು ಬಂದು ನಿಂತಿತು. ಹಾಸಿಗೆ ಹಿಡಿದ ಯಾರೋ ಸಾಹುಕಾರರ ಉಯಿಲನ್ನು ಅವರ ಮನೆಯಲ್ಲೇ ರಿಜಿಸ್ಟ್ರಿ ಮಾಡುವುದಕ್ಕೆ ಸಾಹೇಬರು ಹೊರಟಿದ್ದರು. ಒಳ್ಳೆಯ ಮನುಷ್ಯ. ಕಾರು ಹತ್ತುವ ಮುಂಚೆ ರಸ್ತೆ ದಾಟಿ ನಮ್ಮ ಜಗುಲಿಯವರೆಗೂ ಬಂದರು.

“ಏನಾದರೂ ರೆಡಿ ಇದ್ದರೆ ಕೊಡಿ, ಐದು ನಿಮಿಷದಲ್ಲಿ ನೋಡಿಬಿಡ್ತೀನಿ. ನಾನು ವಾಪಸ್ ಬರೋದು ಎಷ್ಟು ಹೊತ್ತಾಗುತ್ತೋ ಗೊತ್ತಿಲ್ಲ” ಎಂದರು.

ಹೊನ್ನಯ್ಯ ತನ್ನದೊಂದು ಭೋಗ್ಯಪತ್ರ ಹಿಡಿದು ಎದ್ದ. ನಾನು ಡೆಸ್ಕಿನ ಮೇಲಿದ್ದ ದಾನಪತ್ರದ ಮೇಲೆ ಪಂಚಾಂಗವನ್ನು ಎಳೆದು ಇಟ್ಟು, “ನಮ್ಮದೇನೂ ಇಲ್ಲ ಸಾರ್” ಎಂದೆ.

ಗೌಡರು ಸಾಹೇಬರನ್ನು ನೋಡಿದರು, ನನ್ನನ್ನು ನೋಡಿದರು. ಗಂಗಲಕ್ಷ್ಮಮ್ಮ ನೋಡಿದ್ದು ಪಂಚಾಂಗವನ್ನು.

ಸಾಹೇಬರು ಐದು ಗಂಟೆಯಾದರೂ ಬರಲಿಲ್ಲ. ಮಧ್ಯಾಹ್ನವೆಲ್ಲ ಗೌಡರು ನನ್ನ ಜಗುಲಿಯಲ್ಲೇ ಗೋಡೆಗೆ ಒರಗಿ ಕೂತಿದ್ದರು. ಸಂಜೆ, “ಇವತ್ತು ರಾತ್ರಿ ಛತ್ರದಲ್ಲಿ ಮಲಗಿರ್ತೀವಿ. ಬೆಳಿಗ್ಗೆ ಮೊದ್ಲು ನಮ್ದೇ ಮಾಡ್ಸಿಬುಡಿ ಐನೋರೆ. ಶನಿವಾರ ಅರ್ಧ ದಿನ ಇರ್ತದಂತಲ್ಲ” ಎಂದರು.

“ನಾಳೆ ಅಮಾವಾಸ್ಯೆ ಗೌಡ್ರೆ” ಎಂದೆ.

“ಆಗ್ಲಿ ಬುಡಿ. ಎಲ್ಲಾ ಭಗವಂತನ ದಿನವೇ.”

ಆಗ ನಾನು ಆಡಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. “ಗಂಡ ಸತ್ತ ಹೆಣ್ಣುಮಗಳಿಗೆ ಕೊಡ್ತಿರೋ ದಾನ ಇದು. ಅವಳ ಹಣೇಲಿ ಬರೆದಿರೋದೇ ಸಾಲದಾ? ಇದನ್ನೂ ಅಮಾವಾಸ್ಯೇಲಿ ಮಾಡಿ ಅವಳ ತಲೆಗೆ ಕಟ್ತೀರಾ? ಸೋಮವಾರ ಬನ್ನಿ. ಮಾಘ ಮಾಸ, ಬಿದಿಗೆ. ಹನ್ನೊಂದು ಗಂಟೆಗೆ ನಾನೇ ಕೈಹಿಡಿದು ಒಳಗೆ ಕರ್ಕೊಂಡು ಹೋಗ್ತೀನಿ.”

ಗೌಡರ ಮುಖ ಸಣ್ಣದಾಯಿತು. ತಮ್ಮ ಹಟಕ್ಕೆ ಮಗಳಿಗೆ ಕೆಡುಕಾದೀತೆಂದು ಹೆದರಿದರು. ಪತ್ರವನ್ನು ನನ್ನ ಪೆಟ್ಟಿಗೆಯಲ್ಲೇ ಬಿಟ್ಟು, ಮಗಳ ತೋಳು ಹಿಡಿದು ಗಾಡಿ ಹತ್ತಿದರು.

ಸೋಮವಾರ ನಾನು ಹಣೆಗೆ ಗಂಧ ಇಟ್ಟುಕೊಂಡು, ಪತ್ರ ತೆಗೆದಿಟ್ಟುಕೊಂಡು ಕಾದೆ. ಹನ್ನೊಂದಾಯಿತು, ಹನ್ನೆರಡಾಯಿತು. ಒಂದು ಗಂಟೆಯ ಹೊತ್ತಿಗೆ ಕಡಬದಿಂದ ಎಲೆ ಅಂಗಡಿಗೆ ವೀಳ್ಯದೆಲೆ ತಂದವನೊಬ್ಬ ಸುದ್ದಿ ಹೇಳಿದ. ವೆಂಕಟರಂಗಯ್ಯನವರು ಭಾನುವಾರ ಬೆಳಿಗ್ಗೆ ತೋಟಕ್ಕೆ ಹೋಗಬೇಕೆಂದು ಹಟ ಮಾಡಿ ಹೋಗಿ, ಒಂದು ಮರಕ್ಕೆ ಒರಗಿ ಕೂತವರು ಏಳಲಿಲ್ಲವಂತೆ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಾನಿಯಲ್ಲಿ ಬಿತ್ತಂತೆ. ಅದು ತಾನು ಬಿದ್ದು ಸತ್ತಿತು, ಸರಿ. ನಾನು ಇನ್ನೊಬ್ಬರನ್ನು ಬೀಳಿಸಿ ಜಗುಲಿಯ ಮೇಲೆ ಗಂಧ ಇಟ್ಟುಕೊಂಡು ಕೂತಿದ್ದೆ. ಆ ದಿನ ಊಟ ಸೇರಲಿಲ್ಲ. ಹೆಂಡತಿ ಸರಸ್ವತಮ್ಮ ಏನೆಂದು ಕೇಳಿದಳು. ಎಲ್ಲ ಹೇಳಿದೆ. ಅವಳು, “ಸಾಹೇಬರು ತಾವಾಗೇ ಬಂದು ಕೇಳಿದ್ರಲ್ಲಾರೀ” ಎಂದಳು. ಅಷ್ಟೇ ಅಂದದ್ದು.

ತಿಂಗಳು ಕಳೆದ ಮೇಲೆ ಗಂಗಲಕ್ಷ್ಮಮ್ಮ ಬಂದಳು. ನಾನು ಅವಳಿಗೆ ಕಾನೂನು ಬಿಡಿಸಿ ಹೇಳಿದೆ. ಪತ್ರಕ್ಕೆ ರುಜುವಾಗಿದೆ. ರುಜುವಾದ ನಾಲ್ಕು ತಿಂಗಳೊಳಗೆ ನೀನೇ ಹಾಜರುಪಡಿಸಬಹುದು. ಆದರೆ ಬರೆದುಕೊಟ್ಟವರು ತೀರಿಹೋದ್ದರಿಂದ ಅವರ ವಾರಸುದಾರ ಸಾಹೇಬರ ಮುಂದೆ ನಿಂತು, ‘ಹೌದು, ಇದು ನಮ್ಮ ತಂದೆಯ ರುಜು’ ಎನ್ನಬೇಕು. ಅಂದರೆ ನಿನ್ನಣ್ಣ ಬರಬೇಕು, ಹೌದು ಅನ್ನಬೇಕು. ಅಷ್ಟಾದರೆ ತೋಟ ನಿನ್ನದು.

“ಅಣ್ಣ ಇಲ್ಲ ಅನ್ನಲ್ಲ ಐನೋರೆ. ಆದ್ರೆ ನಾನಾಗೇ ಹೆಂಗೆ ಕೇಳ್ಲಿ? ಅಪ್ಪ ಸತ್ತು ಎರಡು ತಿಂಗ್ಳಾಗಿಲ್ಲ, ತೋಟ ಕೇಳ್ಕಂಡು ಬಂದ್ಳು ಅನ್ನಲ್ವ? ನೀವು ಒಂದ್ಮಾತು ಹೇಳಿ. ನೀವು ಹೇಳುದ್ರೆ ಕೇಳ್ತಾನೆ” ಎಂದಳು. ಮತ್ತೆ, “ಅವತ್ತು ವಾಪಸ್ ಹೋಗೋವಾಗ ಅಪ್ಪ ಗಾಡೀಲಿ ಅದೇ ಅಂತಿತ್ತು. ಐನೋರು ನಮ್ಮ ಒಳ್ಳೇದಕ್ಕೇ ಹೇಳಿರ್ತಾರೆ ಕಣವ್ವ, ಬೇಜಾರು ಮಾಡ್ಕಬೇಡ ಅಂತ” ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಾರನೆಯ ದಿನವೇ ಕುಣಿಗಲ್‌ಗೆ ಹೊರಟೆ.

ತುಮಕೂರಿನಲ್ಲಿ ಬಸ್ಸು ಬದಲಾಯಿಸಬೇಕು. ಕುಣಿಗಲ್ ಬಸ್ಸಿಗೆ ಕಾಯುತ್ತ ಮರದ ನೆರಳಲ್ಲಿ ನಿಂತು ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ. ನಿಮ್ಮ ತಂದೆಯವರು ಶುಕ್ರವಾರವೇ ಮಾಡಿಸಿ ಎಂದರು, ಶನಿವಾರವಾದರೂ ಮಾಡಿಸಿ ಎಂದರು, ವಾಪಸ್ಸು ಕಳಿಸಿದವನು ನಾನು. ತಪ್ಪು ನನ್ನದು. ಇಷ್ಟು ಹೇಳಿದರೆ ಆಯಿತು. ಬಸ್ಸಿನಲ್ಲಿ ಕೂತ ಮೇಲೂ ತುಟಿ ಅಲ್ಲಾಡಿಸುತ್ತ ಅದನ್ನೇ ಹೇಳಿಕೊಂಡೆ. ಪಕ್ಕದಲ್ಲಿ ಕೂತವನು ಮಂತ್ರ ಜಪಿಸುತ್ತಿದ್ದಾರೆ ಎಂದುಕೊಂಡು ಕಾಲು ಮುದುರಿಕೊಂಡ.

ರಾಮಾಂಜಿನಯ್ಯ ಮನೆಯಲ್ಲೇ ಇದ್ದ. ನಲವತ್ತು ದಾಟಿದವನು, ಅಪ್ಪನದೇ ಮೂಗು, ತಲೆ ಬೋಳಿಸಿದ್ದು ಈಗಷ್ಟೇ ಚಿಗುರುತ್ತಿತ್ತು. ಮಣೆ ಹಾಕಿ ಕೂರಿಸಿ, ಮಜ್ಜಿಗೆ ತರಿಸಿದ. ಜಗುಲಿಯಲ್ಲಿ ಅವನ ಬೀಗರ ಕಡೆಯವರು ಇಬ್ಬರು ಕೂತಿದ್ದರು. ಒಬ್ಬರು ಚೇಳೂರಿನವರು. ನನ್ನನ್ನು ಕಂಡವರೇ ಎದ್ದು ಕೈಮುಗಿದು, “ಓಹೋ, ಗುಬ್ಬಿ ಐನೋರು! ಇವ್ರ ಕೈಗುಣ ಅಂದ್ರೆ ಅಂತಿಂಥದ್ದಲ್ಲ ಕಣ್ರಯ್ಯ. ನಮ್ಮ ಮೂರು ಪತ್ರ ಇವ್ರೇ ಬರ್ದಿದ್ದು” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ನಾನು ಪತ್ರ ತೆಗೆದು ತೋರಿಸಿ ವಿಷಯ ಹೇಳಿದೆ. ರಾಮಾಂಜಿನಯ್ಯ ಪತ್ರವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಬಗ್ಗಿ ರುಜುವನ್ನು ನೋಡಿದ.

“ಅಪ್ಪ ನನಗೊಂದು ಮಾತು ಹೇಳ್ಲಿಲ್ವಲ್ಲ ಐನೋರೆ. ನಾನೇನು ಬೇಡ ಅಂತಿದ್ನಾ?” ಎಂದ. ಸುಧಾರಿಸಿಕೊಂಡು, “ಇರ್ಲಿ. ಶುಕ್ರವಾರ ಬರ್ದಾಯ್ತು ಅಂತೀರಿ. ಅಪ್ಪ ಯಾವ ಕೆಲಸನೂ ಅರ್ಧಕ್ಕೆ ಬಿಟ್ಟೋರಲ್ಲ. ಶನಿವಾರ ಯಾಕೆ ರಿಜಿಸ್ಟ್ರಿ ಮಾಡ್ಸಲಿಲ್ಲ?” ಎಂದು ಕೇಳಿದ.

ಬಾಯಿಪಾಠ ಮಾಡಿದ್ದೆಲ್ಲ ನಾಲಗೆಯ ತುದಿಯಲ್ಲಿತ್ತು. ಚೇಳೂರಿನವರು ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ನೋಡಿದ ಗಳಿಗೆಯಿಂದಲೇ ಒಂದು ಪತ್ರ ಕೆಟ್ಟಿತು ಎಂದು ಇವರು ನಾಳೆ ತಾಲ್ಲೂಕಿಗೆಲ್ಲ ಹೇಳಿಯಾರು ಎನ್ನಿಸಿತು.

“ಶನಿವಾರ ಸಾಹೇಬರು ಇರಲಿಲ್ಲಪ್ಪ” ಎಂದೆ.

ರಾಮಾಂಜಿನಯ್ಯ ಹೂಂ ಎಂದ. ಸಾಹೇಬರ ನೋಟೀಸು ಬಂದರೆ ಅದರಲ್ಲಿ ಹೇಳಿದ ದಿನ ಬರುತ್ತೇನೆಂದೂ ಹೇಳಿದ. ಮನೆಗೆ ಬಂದಾಗ ಸರಸ್ವತಮ್ಮ, “ಇದ್ದದ್ದು ಇದ್ದ ಹಾಗೆ ಹೇಳಿ ಬಂದ್ರಾ?” ಎಂದು ಕೇಳಿದಳು. ನಾನು ಅವಳ ಮೇಲೆ ರೇಗಿದೆ.

ಏಪ್ರಿಲ್ ತಿಂಗಳಲ್ಲಿ ಗಂಗಲಕ್ಷ್ಮಮ್ಮ ಪತ್ರ ಹಾಜರುಪಡಿಸಿದಳು. ನೋಟೀಸಿನ ದಿನ ರಾಮಾಂಜಿನಯ್ಯ ಹೇಳಿದಂತೆ ಬಂದ. ದಿನ ಚೆನ್ನಾಗಿತ್ತು, ಗಳಿಗೆ ಇನ್ನೂ ಚೆನ್ನಾಗಿತ್ತು, ನಾನೇ ನೋಡಿದ್ದೆ. ಅಣ್ಣನನ್ನು ಕಂಡು ಅವಳು, “ಊಟ ಮಾಡ್ಕಂಡು ಬಂದ್ಯಾ ಅಣ್ಣಯ್ಯ?” ಎಂದು ಕೇಳಿದಳು. ಅವನು ತಲೆಯಾಡಿಸಿದನೇ ಹೊರತು ಅವಳ ಮುಖ ನೋಡಲಿಲ್ಲ.

ಸಾಹೇಬರು ಪತ್ರವನ್ನು ಅವನ ಮುಂದೆ ಸರಿಸಿ, “ಈ ರುಜು ನಿಮ್ಮ ತಂದೆಯವರದೇನ್ರೀ? ನೋಡಿ ಹೇಳಿ” ಎಂದರು.

“ಅಲ್ಲ ಸ್ವಾಮಿ.”

“ಸರಿಯಾಗಿ ನೋಡಿ.”

“ನೋಡಿದೀನಿ ಸ್ವಾಮಿ. ನಮ್ಮಪ್ಪನ ಅಕ್ಷರ ಹಿಂಗಿಲ್ಲ. ಅಪ್ಪ ಕಾಗದ ಬರ್ಸಿರ್ಬೋದು. ಆಮೇಲೆ ಮನಸ್ಸು ಬದಲಾಯ್ಸಿ ರುಜು ಹಾಕ್ದೆ ಎದ್ದು ಬಂದವ್ರೆ. ಇಲ್ದಿದ್ರೆ ಶನಿವಾರ ಯಾಕೆ ಮಾಡ್ಸಲಿಲ್ಲ? ಸಾಹೇಬರು ಇರಲಿಲ್ಲ ಅಂದ್ರು ಈ ಐನೋರು. ನಾನು ಇವತ್ತು ಬೇಗ ಬಂದು ವಿಚಾರಿಸ್ದೆ. ಶನಿವಾರ ನೀವು ಇಲ್ಲೇ ಇದ್ರಿ. ಆರು ಪತ್ರ ರಿಜಿಸ್ಟ್ರಿ ಆಗವೆ. ಇವ್ರಿಗೆ ಸುಳ್ಳು ಹೇಳೋ ಅವಶ್ಯಕತೆ ಏನಿತ್ತು ಸ್ವಾಮಿ?”

ನಾನು ಬಾಗಿಲಲ್ಲಿ ನಿಂತಿದ್ದವನು ಒಳಗೆ ನುಗ್ಗಿದೆ. “ಸುಳ್ಳು ಹೇಳಿದ್ದು ನಾನು ಸಾರ್! ಅಮಾವಾಸ್ಯೆ ಅಂತ ಅವರನ್ನ ವಾಪಸ್ ಕಳಿಸಿದ್ದು ನಾನು! ಶುಕ್ರವಾರ ನೀವು ಬಂದು ಕೇಳಿದಾಗ ಈ ಪತ್ರ ನನ್ನ ಪಂಚಾಂಗದ ಕೆಳಗೇ ಇತ್ತು. ಗೌಡ್ರು ನನ್ನ ಕಣ್ಣೆದುರಿಗೇ ರುಜು ಹಾಕಿದ್ರು” ಎಂದು ಕೂಗಿದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

ರಾಮಾಂಜಿನಯ್ಯ ನನ್ನ ಕಡೆ ತಿರುಗಿದ. ಅವನ ಕಣ್ಣಲ್ಲಿ ನೀರಿತ್ತು. “ಕುಣಿಗಲ್‌ಗೆ ಬಂದಾಗ ಸಾಹೇಬರಿರಲಿಲ್ಲ ಅಂದ್ರಿ. ಇವತ್ತು ಅಮಾವಾಸ್ಯೆ ಅಂತೀರಿ. ಅವತ್ತೇ ಇದನ್ನ ಹೇಳಿದ್ರೆ ನಂಬ್ತಿದ್ನೇನೋ” ಎಂದ.

ಅವನು ಕೆಟ್ಟವನಲ್ಲ. ಅಪ್ಪ ತನಗೆ ಹೇಳದೆ ತೋಟ ಕೊಟ್ಟ ಎಂದು ಒಪ್ಪುವುದಕ್ಕಿಂತ, ಅಪ್ಪ ಕೊನೆಯ ಗಳಿಗೆಯಲ್ಲಿ ಮಗನನ್ನು ನೆನೆದು ಮನಸ್ಸು ಬದಲಾಯಿಸಿದ ಎಂದು ನಂಬುವುದು ಅವನಿಗೆ ಬೇಕಾಗಿತ್ತು. ಹಾಗೆ ನಂಬುವುದಕ್ಕೆ ಒಂದು ಸಂದು ಬೇಕಿತ್ತು. ಅದನ್ನು ಕೊಟ್ಟವನು ನಾನು.

ಸಾಹೇಬರು ಪತ್ರವನ್ನು ತಮ್ಮ ಕಡೆಗೆ ಎಳೆದುಕೊಂಡರು. “ನಾನು ಕೇಳಬೇಕಾದ್ದು ವಾರಸುದಾರರನ್ನ, ಬರೆದವರನ್ನಲ್ಲ” ಎಂದರು ಮೆಲ್ಲಗೆ. ಪತ್ರದ ಬೆನ್ನಿಗೆ ‘ನೋಂದಣಿ ನಿರಾಕರಿಸಲಾಗಿದೆ’ ಎಂದು ಬರೆದು, ತಾರೀಕು ಹಾಕಿ, ಮೊಹರು ಒತ್ತಿದರು.

ಹೊರಗೆ ಬಂದು ನಾನು ಗಂಗಲಕ್ಷ್ಮಮ್ಮನಿಗೆ ಒಂದೇ ಉಸಿರಿನಲ್ಲಿ ಹೇಳತೊಡಗಿದೆ. ತುಮಕೂರಿನಲ್ಲಿ ಜಿಲ್ಲಾ ರಿಜಿಸ್ಟ್ರಾರರ ಮುಂದೆ ಮೂವತ್ತು ದಿನದೊಳಗೆ ಅರ್ಜಿ ಹಾಕಬಹುದು. ಅಲ್ಲಿ ಸಾಕ್ಷಿಗಳನ್ನು ಕರೆಯುತ್ತಾರೆ. ಹೊನ್ನಯ್ಯ ಬರುತ್ತಾನೆ, ಎಲೆ ಅಂಗಡಿಯವನು ಬರುತ್ತಾನೆ, ನಾನು ಬರುತ್ತೇನೆ. ಅದೂ ಬೇಡವೆಂದರೆ ಈಗ ಹೊಸ ಕಾನೂನಿದೆ, ಹೆಣ್ಣುಮಗಳಿಗೂ ಸಮಪಾಲು, ಅರ್ಧ ತೋಟವಾದರೂ ನಿನ್ನದೇ.

ಅವಳು ನಾನು ಮುಗಿಸುವವರೆಗೂ ಕಾದಳು. “ಬೇಡ ಬುಡಿ ಐನೋರೆ. ಅಣ್ಣ ಸುಳ್ಳ ಅಂತ ಹತ್ತು ಜನದ ಮುಂದೆ ಸಾಬೀತು ಮಾಡಿ ತಗಂಡ ತೋಟದಲ್ಲಿ ನಾನು ಹೆಂಗೆ ಕೂತ್ಕಳ್ಳಿ? ನನಗೆ ಮಕ್ಕಳಿಲ್ಲ, ಮರಿ ಇಲ್ಲ. ನಾಳೆ ನಾನು ಸತ್ರೆ ಬೆಂಕಿ ಇಡೋನೂ ಅವ್ನೇ” ಎಂದಳು. ಅಣ್ಣ ಅಷ್ಟು ದೂರದಲ್ಲಿ ಬಸ್ಸಿಗೆ ಕಾಯುತ್ತಿದ್ದ. ಅವಳು ಹೋಗಿ ಅವನಿಗಿಂತ ನಾಲ್ಕು ಹೆಜ್ಜೆ ಹಿಂದೆ ನಿಂತುಕೊಂಡಳು.

ಆಮೇಲೆ ನಾನು ಪಂಚಾಂಗ ಬಿಟ್ಟುಬಿಟ್ಟೆ ಎಂದು ಹೇಳಿದರೆ ಚೆನ್ನಾಗಿರುತ್ತಿತ್ತು. ಬಿಡಲಿಲ್ಲ. ಅದು ನನ್ನ ಅನ್ನ. ಸುದ್ದಿ ನಾಲ್ಕು ದಿನ ಊರಲ್ಲಿ ಓಡಾಡಿತು. ಗೌಡರ ಆಯುಸ್ಸು ತೀರಿತ್ತು, ಐನೋರು ಏನು ಮಾಡಿಯಾರು ಎಂದು ಜನವೇ ತೀರ್ಪು ಕೊಟ್ಟುಕೊಂಡರು. ನನ್ನ ಮುಂದೆ ಮತ್ತೆ ಆರು ಜನ ಕಾಯತೊಡಗಿದರು. ಹೊನ್ನಯ್ಯ ಮಾತ್ರ ಆ ಮೇಲೆ ಒಂದು ದಿನವೂ ಪಂಚಾಂಗದ ವಿಷಯ ಎತ್ತಿ ಛೇಡಿಸಲಿಲ್ಲ. ಅವನು ಛೇಡಿಸಲಿ ಎಂದು ಎಷ್ಟೋ ಸಲ ಅನ್ನಿಸಿದೆ.

ಅರವತ್ತಮೂರನೇ ಇಸವಿ, ಚೈತ್ರ ಮಾಸದ ಅಮಾವಾಸ್ಯೆ. ಅದರ ಜೊತೆಗೆ ಮಂಗಳವಾರ. ಡೆಸ್ಕು ಮುಚ್ಚಿಕೊಂಡು ಸುಮ್ಮನೆ ಕೂತಿದ್ದೆ. ಹೊನ್ನಯ್ಯನ ಜಗುಲಿಗೆ ರಾಮಾಂಜಿನಯ್ಯ ಬಂದ, ಜೊತೆಗೆ ಗುಬ್ಬಿಯ ಕೊಬ್ಬರಿ ವ್ಯಾಪಾರಿಯೊಬ್ಬರು. ನಾಲೆ ಬಯಲಲ್ಲಿ ಪಕ್ಕದ ಗದ್ದೆ ಕ್ರಯಕ್ಕೆ ಬರುತ್ತದೆಂದು ಕಡಬದ ತೋಟ ಮಾರುತ್ತಿದ್ದ. ಗದ್ದೆಯವರು ಅವಸರ ಮಾಡುತ್ತಿದ್ದರಂತೆ, ದಿನ ನೋಡುವ ವ್ಯವಧಾನವಿರಲಿಲ್ಲ. ಕೊಳ್ಳುವವರು ಮಾತ್ರ ಹುಷಾರಿನವರು. ಅಕ್ಕತಂಗಿಯರ ಒಪ್ಪಿಗೆ ಬೇಕೇ ಬೇಕೆಂದಿದ್ದರು. ಹಾಗಾಗಿ ಗಂಗಲಕ್ಷ್ಮಮ್ಮನೂ ಬಂದಿದ್ದಳು.

ನಾಲ್ಕು ವರ್ಷಕ್ಕೆ ಹತ್ತು ವರ್ಷ ಮುದಿಯಾಗಿದ್ದಳು. ಹೊನ್ನಯ್ಯ ಪತ್ರ ಓದಿ ಹೇಳುತ್ತಿದ್ದ. ಪೂರ್ವಕ್ಕೆ ಕೆರೆ ಏರಿ. ಪಶ್ಚಿಮಕ್ಕೆ ಗುರುಸಿದ್ದಯ್ಯನ ಹೊಲ. ಉತ್ತರಕ್ಕೆ ಗಾಡಿ ಜಾಡು. ಅವಳ ತುಟಿ ಅವನಿಗಿಂತ ಒಂದು ಮಾತು ಮುಂದಾಗಿ ಅಲ್ಲಾಡುತ್ತಿತ್ತು. ಓದಿ ಮುಗಿದು ಗಂಡಸರು ರಸ್ತೆ ದಾಟಿ ಕಚೇರಿಯೊಳಗೆ ಹೋದಾಗ, ಅವಳು ನನ್ನ ಜಗುಲಿಯ ಹತ್ತಿರ ಬಂದು ನಿಂತಳು.

“ಚೆನ್ನಾಗಿದೀರಾ ಐನೋರೆ?”

“ಇದೀನಮ್ಮ. ನೀನು?”

“ಇನ್ಮೇಲೆ ಕುಣಿಗಲ್ಲೇ. ಅಣ್ಣನ ಮನೇಲಿ ಇರು ಅಂದವ್ನೆ. ದನ ಕರ ನೋಡ್ಕಂಡು ಇರ್ತೀನಿ.” ದನಿ ತಗ್ಗಿಸಿ, “ಇವತ್ತು ಅಮಾಸೆ ಅಲ್ವರಾ? ಅಣ್ಣ ಕೇಳ್ಲಿಲ್ಲ. ಅವ್ನಿಗೆ ಏನೂ ತೊಂದ್ರೆ ಆಗಲ್ವ? ಮಕ್ಕಳೊಂದಿಗ” ಎಂದಳು.

ಅಣ್ಣನಿಗಾಗಿ ಕೇಳುತ್ತಿದ್ದಳು. ನನ್ನ ಕೈ ಅಭ್ಯಾಸಬಲದಿಂದ ಪಂಚಾಂಗದ ಮೇಲೆ ಹೋಯಿತು. ತೆರೆಯಲಿಲ್ಲ. ಇವಳು ಆ ಭಯವನ್ನೂ ಹೊತ್ತುಕೊಂಡು ಕುಣಿಗಲ್‌ಗೆ ಹೋಗುವುದು ಬೇಡ ಎನ್ನಿಸಿತು.

“ಏನೂ ಆಗಲ್ಲ ಹೋಗಮ್ಮ. ಅದೆಲ್ಲ ನಾವು ಮಾಡಿಕೊಂಡಿದ್ದು” ಎಂದೆ.

ಅವಳ ಮುಖ ಹಗುರವಾಯಿತು. ಹೊರಡಲು ತಿರುಗಿದವಳು ನಿಂತಳು. ಏನೋ ಲೆಕ್ಕ ತಾಳೆಯಾಗದವಳ ಹಾಗೆ ನನ್ನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕುಹಕವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಳು.

“ಹಂಗಾದ್ರೆ ಅವತ್ತೂ ಏನೂ ಆಯ್ತಿರ್ಲಿಲ್ವ ಐನೋರೆ?”

ಕಚೇರಿಯ ಬಾಗಿಲಿಂದ ಜವಾನ, “ಗಂಗಲಕ್ಷ್ಮಮ್ಮ ಯಾರು? ಬರ್ಬೇಕಂತೆ, ಹೆಬ್ಬೆಟ್ಟು!” ಎಂದು ಕೂಗಿದ. ಅವಳು ಇನ್ನೊಂದು ಗಳಿಗೆ ಕಾದಳು. ಆಮೇಲೆ ಸೆರಗು ಸರಿಮಾಡಿಕೊಂಡು ಹೊರಟಳು.

“ಆಗ್ತಿರಲಿಲ್ಲ ಕಣಮ್ಮ” ಎಂದೆ. ಆ ಹೊತ್ತಿಗೆ ಅವಳು ರಸ್ತೆ ದಾಟಿ ಒಳಗೆ ಹೋಗಿದ್ದಳು.